ಮಾಸ್ತರ, ಅಕ್ಕೋರ ಮನಸ್ಸಿನ ಭಾರ: ಶಾಲೆಯಲ್ಲೇ ತೂಗಿ, ಶಾಲೆಯಲ್ಲೇ ಇಳಿಸುವ ಬಗೆ

ಶಿಕ್ಷಕರ ಮನಸ್ಸಿನ ಆರೋಗ್ಯಕ್ಕೆಂದು ನಮ್ಮ ಶಾಲೆಗಳಲ್ಲಿ ಏನಾದರೂ ನಡೆದರೆ ಅದು ಬಹುತೇಕ ಅರ್ಧ ದಿನದ ಉಪನ್ಯಾಸ. ಒಂದಿಷ್ಟು ಉಸಿರಾಟದ ವ್ಯಾಯಾಮ, ‘ಒಳ್ಳೆಯದನ್ನೇ ಯೋಚಿಸಿ’ ಎಂಬ ಸ್ಲೈಡು, ಕೊನೆಗೆ ಚಹಾ-ಚೂಡಾ. ಮರುದಿನ ವಾಟ್ಸಾಪ್ ಗ್ರೂಪಿನಲ್ಲಿ ಮತ್ತೆ ಅದೇ: ‘ಇಂದು ಸಂಜೆ 5ರೊಳಗೆ ಮಾಹಿತಿ ಸಲ್ಲಿಸತಕ್ಕದ್ದು.’ ಉಸಿರಾಟ ಕೆಟ್ಟದ್ದೇನಲ್ಲ. ಆದರೆ ಭಾರ ಕೂತಿರುವುದು ಕೆಲಸದ ಏರ್ಪಾಡಿನಲ್ಲಿ, ನಾವು ಮದ್ದು ಹಚ್ಚುತ್ತಿರುವುದು ಶಿಕ್ಷಕರ ಮೂಗಿಗೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಮುಖ್ಯ ಗುರುಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಖಾಸಗಿ ಶಾಲೆಗಳ ಆಡಳಿತ ಮಂಡಳಿಯವರು ಒಂದು ತಿಂಗಳಲ್ಲಿ ಖರ್ಚಿಲ್ಲದೆ ಮಾಡಬಹುದಾದ ಕೆಲಸ ಇಲ್ಲಿದೆ.

ಮೊದಲು ತಕ್ಕಡಿ

ಇವಾಂಜೆಲಿಯಾ ಡೆಮೆರೂಟಿ, ಆರ್ನಾಲ್ಡ್ ಬಾಕರ್ ಮತ್ತು ಸಂಗಡಿಗ ಸಂಶೋಧಕರು ಕೆಲಸದ ದಣಿವಿನ ಬಗ್ಗೆ 2001ರಲ್ಲಿ ಮುಂದಿಟ್ಟ ಮಾದರಿಯೊಂದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಒಂದು ತಟ್ಟೆಯಲ್ಲಿ ಕೆಲಸ ನಮ್ಮಿಂದ ಕೇಳುವುದು: ತಾಸು, ಗದ್ದಲ, ದಾಖಲೆ, ಸಿಟ್ಟು ನುಂಗಿಕೊಂಡು ನಗುಮುಖ ಮಾಡುವುದು. ಇನ್ನೊಂದರಲ್ಲಿ ಕೆಲಸ ನಮಗೆ ಕೊಡುವುದು: ಸ್ವಂತ ನಿರ್ಧಾರಕ್ಕೆ ಜಾಗ, ಜೊತೆಗಾರರ ಆಸರೆ, ಹೆಡ್‌ಮಾಸ್ತರ ಬೆಂಬಲ, ನೌಕರಿಯ ಭದ್ರತೆ, ‘ಚಲೋ ಮಾಡೀರಿ’ ಎಂಬ ಒಂದು ಮಾತು. ಮೊದಲ ತಟ್ಟೆ ಜಗ್ಗಿದರೆ ದಣಿವು ಬರುತ್ತದೆ. ಎರಡನೆಯದು ಬರಿದಾದರೆ ಮನಸ್ಸು ಕೆಲಸದಿಂದ ಕಳಚಿಕೊಳ್ಳುತ್ತದೆ. ಈ ಎರಡಕ್ಕೂ ಔಷಧ ಬೇರೆ ಬೇರೆ, ಎಡವುವುದು ಇಲ್ಲಿಯೇ. ಪ್ರತಿ ವರ್ಷ ‘ಮುಂದಿನ ಜೂನಿಗೆ ಕರೀತಾರೋ ಇಲ್ಲೋ’ ಎಂದು ಕಾಯುವ ಅತಿಥಿ ಶಿಕ್ಷಕರ ರಿಜಿಸ್ಟರ್ ಕೆಲಸ ಕಡಿಮೆ ಮಾಡಿದರೆ ಅವರ ದಣಿವು ಇಳಿಯಬಹುದು. ಕಳಚಿಕೊಂಡ ಮನಸ್ಸು ಮರಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಅನ್ನು ರೋಗ ಎಂದು ಕರೆಯದೆ ವೃತ್ತಿಗೆ ಸಂಬಂಧಿಸಿದ ವಿದ್ಯಮಾನ ಎಂದು ದಾಖಲಿಸಿತು. ಅದಕ್ಕೆ ಮೂರು ಗುರುತು: ಶಕ್ತಿ ಬತ್ತುವುದು, ಕೆಲಸದ ಬಗ್ಗೆ ತಾತ್ಸಾರ ಹುಟ್ಟುವುದು, ‘ನಾ ಮಾಡಿದ್ದು ಯಾವುದಕ್ಕೂ ಬರಂಗಿಲ್ಲ’ ಅನ್ನಿಸುವುದು. ಎರಡನೆಯದನ್ನು ನಾವು ಸಾಮಾನ್ಯವಾಗಿ ‘ಸೊಕ್ಕು’ ಅಥವಾ ‘ಮೈಗಳ್ಳತನ’ ಎಂದು ಓದುತ್ತೇವೆ. ಹತ್ತು ವರ್ಷ ಚೆನ್ನಾಗಿ ಕಲಿಸಿದವರು ಈಗ ‘ಈ ಹುಡುಗ್ರು ಉದ್ಧಾರ ಆಗಂಗಿಲ್ಲ ಬಿಡ್ರಿ’ ಎನ್ನತೊಡಗಿದರೆ ನೋಟಿಸ್ ಬರೆಯುವ ಮೊದಲು ಈ ಸಾಲನ್ನು ನೆನೆಯಿರಿ.

ಒಂದೇ ಕಾರಣ, ಊರಿಗೊಂದು ತೂಕ

ಬೇರೆ ದೇಶಗಳ ಅನುಭವ ನೋಡಬೇಕಾದದ್ದು ಪರಿಹಾರ ಕದಿಯಲಿಕ್ಕಲ್ಲ, ಪ್ರಶ್ನೆ ಕಲಿಯಲಿಕ್ಕೆ.

ಬಹುತೇಕ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ ಶಿಕ್ಷಕರ ಬಗ್ಗೆ ನಡೆಸಿದ 2018ರ ‘ಟಾಲಿಸ್’ ಸಮೀಕ್ಷೆಯಲ್ಲಿ ಜಪಾನಿನ ಕಿರಿಯ ಮಾಧ್ಯಮಿಕ ಹಂತದ ಶಿಕ್ಷಕರು ವಾರಕ್ಕೆ 56 ತಾಸು ದುಡಿಯುತ್ತಿದ್ದರು. ಸಮೀಕ್ಷೆಗೆ ಸೇರಿದ ದೇಶಗಳ ಸರಾಸರಿ ಸುಮಾರು 38. ಸೋಜಿಗವೆಂದರೆ ತರಗತಿಯಲ್ಲಿ ಅವರು ನಿಂತದ್ದು 18 ತಾಸು, ಸರಾಸರಿಗಿಂತ ಕಡಿಮೆಯೇ. ಮಿಕ್ಕಿದ್ದು ಶಾಲಾ ಕ್ಲಬ್ಬುಗಳಿಗೆ 7.5 ತಾಸು, ಕಚೇರಿ ಕೆಲಸಕ್ಕೆ 5.6 ತಾಸು, ಹೀಗೆ ಹಂಚಿಹೋಗಿತ್ತು. ಮೇಲಾಗಿ 1971ರ ಕಾನೂನಿನಂತೆ ಅಲ್ಲಿನ ಸರ್ಕಾರಿ ಶಾಲೆಯವರಿಗೆ ಹೆಚ್ಚುವರಿ ತಾಸಿನ ಲೆಕ್ಕವೇ ಇರಲಿಲ್ಲ, ಸಂಬಳದ ಶೇ. 4ರಷ್ಟು ಸೇರಿಸಿ ಕೊಟ್ಟರೆ ಮುಗಿಯಿತು. ಲೆಕ್ಕವಿಲ್ಲದ ಕೆಲಸಕ್ಕೆ ಮಿತಿಯೂ ಇರುವುದಿಲ್ಲ. ಭಾರತ ಆ ಸಮೀಕ್ಷೆಯಲ್ಲಿ ಇರಲಿಲ್ಲ, ಆದ್ದರಿಂದ ಆ ಅಂಕಿ ನಮಗೆ ಹೊಂದುವುದಿಲ್ಲ. ಆದರೆ ‘ತರಗತಿಯ ಹೊರಗೆ ಎಷ್ಟು ತಾಸು ಹೋಯಿತು?’ ಎಂಬ ಪ್ರಶ್ನೆ ಹೊಂದುತ್ತದೆ.

ದಕ್ಷಿಣ ಕೊರಿಯಾದಲ್ಲಿ 2023ರ ಜುಲೈನಲ್ಲಿ ಸೋಲ್ ನಗರದ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರ ಸಾವಿನ ನಂತರ ಶಿಕ್ಷಕರು ವಾರವಾರವೂ ಬೀದಿಗಿಳಿದರು. ಪಾಲಕರ ದೂರುಗಳ ಎದುರು ಶಿಕ್ಷಕರು ಒಂಟಿಯಾಗಿದ್ದಾರೆ ಎಂಬುದೇ ಅವರ ಅಳಲು. ಅದೇ ಸೆಪ್ಟೆಂಬರಿನಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿ, ನ್ಯಾಯವಾದ ಶಿಸ್ತಿನ ಕ್ರಮವನ್ನು ಮಕ್ಕಳ ಮೇಲಿನ ದೌರ್ಜನ್ಯವೆಂದು ಎಣಿಸದಂತೆ ಮಾಡಿತು. ಗುರುವನ್ನು ಬಲು ಗೌರವಿಸುವ ಸಮಾಜದಲ್ಲೇ ಇದು ನಡೆಯಿತು.

ಫಿನ್ಲೆಂಡಿನ ಮಾತು ನಮ್ಮ ತರಬೇತಿಗಳಲ್ಲಿ ಪದೇ ಪದೇ ಬರುತ್ತದೆ: ಅಲ್ಲಿ ಶಾಲಾ ತಪಾಸಣೆಯನ್ನು 1990ರ ದಶಕದಲ್ಲೇ ಕೈಬಿಟ್ಟರು. ಹೌದು, ಆದರೆ ಅದಕ್ಕೂ ಮೊದಲು ಶಿಕ್ಷಕರಾಗಲು ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಬೇಕೆಂಬ ಏರ್ಪಾಡು ಆಗಿತ್ತು. ಅಡಿಪಾಯ ಬಿಟ್ಟು ಮೇಲಿನ ಒಂದು ಇಟ್ಟಿಗೆ ತಂದರೆ ಗೋಡೆ ನಿಲ್ಲುವುದಿಲ್ಲ. ನಮ್ಮ ಶಾಲೆಯ ಮಟ್ಟದಲ್ಲಿ ಬದಲಿಸಬಹುದಾದದ್ದು ತಪಾಸಣೆಯ ರೀತಿ ಮಾತ್ರ.

ಇನ್ನು ನಮ್ಮದೇ ತೂಕ. ಹಳ್ಳಿಯಲ್ಲಿ ಇಂದಿಗೂ ‘ಸರ’, ‘ಅಕ್ಕೋರು’ ಎಂಬ ಗೌರವ ದೊಡ್ಡ ಆಸರೆ. ಅದೇ ಗೌರವ ಬಾಯಿಯನ್ನೂ ಕಟ್ಟುತ್ತದೆ. ಊರಿಗೇ ಬುದ್ಧಿ ಹೇಳುವವರು ‘ನನಗ ಆಗವಲ್ದು’ ಎಂದು ಹೇಳುವುದು ಹೇಗೆ? ಹಾಗಾಗಿ ಬೇಗುದಿ ಮೈಯ ಭಾಷೆಯಲ್ಲಿ ಬರುತ್ತದೆ: ‘ತಲಿ ಗಿಮ್ ಅಂತೈತಿ’, ‘ನಿದ್ದಿ ಹತ್ತವಲ್ದು’, ‘ಮೈಯಾಗ ಕಸುವ ಇಲ್ಲ’, ‘ಎದಿ ಡವಡವ ಅಂತೈತಿ’. 1980ರ ದಶಕದ ಆರಂಭದಲ್ಲಿ ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಚೀನಾದ ಹುನಾನ್‌ನಲ್ಲಿ ಇದನ್ನೇ ಕಂಡರು: ‘ನರದೌರ್ಬಲ್ಯ’ ಎಂದು ಬಂದವರಲ್ಲಿ ಹೆಚ್ಚಿನವರಿಗೆ ಖಿನ್ನತೆ ಇತ್ತು, ಆದರೆ ಅವರು ಹೇಳಿದ್ದು ತಲೆನೋವು, ನಿದ್ದೆ, ಸುಸ್ತು. ನಮ್ಮ ಕಡೆಯ ‘ನರದ ವೀಕ್ನೆಸ್’ ಅದರ ನೆಂಟನೇ. ಆದ್ದರಿಂದ ‘ನಿಮಗೆ ಒತ್ತಡ ಇದೆಯೇ?’ ಎಂದು ಕೇಳಬೇಡಿ; ‘ಇಲ್ಲ’ ಎಂದೇ ಉತ್ತರ ಬರುತ್ತದೆ. ನಿದ್ದೆ, ತಲೆನೋವು, ಗಂಟಲು, ಹಸಿವು ಕೇಳಿ. (ಥೈರಾಯ್ಡ್, ರಕ್ತಹೀನತೆ, ಸಕ್ಕರೆ ಕಾಯಿಲೆಯೂ ಸುಸ್ತು ತರುತ್ತವೆ. ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯದೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಲಿ.)

ಹತ್ತು ದಿನದ ತಾಸಿನ ಲೆಕ್ಕ

ಆರಿಸಬೇಕಾದ ಸಮಯ ಜುಲೈ ಎರಡನೇ ಪಕ್ಷ ಅಥವಾ ಜನವರಿ. ಜೂನಿನಲ್ಲಿ ದಾಖಲಾತಿ, ಆಗಸ್ಟ್ ಮೊದಲ ಪಕ್ಷದಲ್ಲಿ ಸ್ವಾತಂತ್ರ್ಯ ದಿನಾಚರಣೆಯ ತಯಾರಿ, ಮಾರ್ಚಿನಲ್ಲಿ ಪರೀಕ್ಷೆ ಇರುವುದರಿಂದ ಆಗ ತೆಗೆದ ಲೆಕ್ಕ ಉಳಿದ ವರ್ಷಕ್ಕೆ ಹೊಂದುವುದಿಲ್ಲ.

ಒಂದು ಹಾಳೆಯಲ್ಲಿ ಹತ್ತು ಕೆಲಸದ ದಿನಗಳ ಸಾಲು, ಏಳು ಕಂಬ: ತರಗತಿ, ತಯಾರಿ ಮತ್ತು ತಿದ್ದುವುದು, ದಾಖಲೆ ಮತ್ತು ಆನ್‌ಲೈನ್ ನಮೂದು, ಬಿಸಿಯೂಟ-ಹಾಲು-ಮೊಟ್ಟೆ, ಸಭೆ-ತರಬೇತಿ-ಕಚೇರಿ ಓಡಾಟ, ಪ್ರಯಾಣ, ಮನೆಗೆ ಹೋದ ಮೇಲೆ ಶಾಲೆಗಾಗಿ ಫೋನು ಹಿಡಿದದ್ದು. ಅರ್ಧ ತಾಸಿಗೊಂದು ಗೆರೆ ಎಳೆದರೆ ಸಾಕು. ನಿಮಿಷ ಬರೆಸಲು ಹೋದರೆ ಮೂರನೇ ದಿನಕ್ಕೆ ಎಲ್ಲರೂ ಬಿಟ್ಟುಬಿಡುತ್ತಾರೆ. ‘ಇದೊಂದು ಹೊಸ ರಿಜಿಸ್ಟರ್ ಬಂತು’ ಎಂಬ ಗೊಣಗಾಟವೂ ಏಳುತ್ತದೆ, ಅದು ನ್ಯಾಯವೇ. ಗೆರೆಗಳನ್ನು ಸಂಜೆ ಶಾಲೆ ಬಿಡುವ ಮುನ್ನ ಎಳೆಯಬೇಕು, ಮನೆಯ ಫೋನಿನ ಕಂಬವನ್ನು ಮಾತ್ರ ಮರುದಿನ ಬೆಳಿಗ್ಗೆ. ವಾರದ ಕೊನೆಗೆ ನೆನಪಿನಿಂದ ಬರೆದರೆ ತರಗತಿಯ ತಾಸು ಹಿಗ್ಗಿ, ಫೋನಿನ ತಾಸು ಕುಗ್ಗುತ್ತದೆ.

ಅಳತೆಗೋಲು ಬೇಕಾದರೆ ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯೇ ಇದೆ: ತಯಾರಿಯ ತಾಸೂ ಸೇರಿ ವಾರಕ್ಕೆ ಕನಿಷ್ಠ 45 ತಾಸು. ಪ್ರಯಾಣ ಬಿಟ್ಟು ವಾರದ ಮೊತ್ತ 50 ದಾಟಿದರೆ, ಅಥವಾ ದಾಖಲೆಯ ಕಂಬ ತಯಾರಿಯ ಕಂಬಕ್ಕಿಂತ ದೊಡ್ಡದಾದರೆ ಅಲ್ಲಿ ಕೈಹಾಕಿ. ಇದು ಕಾನೂನಿನ ಗೆರೆಯಲ್ಲ, ಕೆಲಸ ಶುರು ಮಾಡಲು ನಾವು ಹಾಕಿಕೊಂಡ ಗೆರೆ. ಪ್ರಯಾಣವನ್ನು ಪ್ರತ್ಯೇಕ ನೋಡಬೇಕು. ಧಾರವಾಡದಲ್ಲಿ ಮನೆ, ನವಲಗುಂದದ ಕಡೆ ಶಾಲೆ. ಗದಗದಲ್ಲಿ ಮನೆ, ಮುಂಡರಗಿಯ ಆಚೆ ಶಾಲೆ ಎಂದಾದರೆ ದಿನಕ್ಕೆ ಮೂರು ತಾಸು ಬಸ್ಸಿಗೇ ಹೋಗಬಹುದು. ಶಾಲೆ ಮುಗಿಸಿ ಕೊನೆಯ ಅನುಕೂಲದ ಬಸ್ಸು ತಪ್ಪಿದರೆ ಇನ್ನೊಂದು ತಾಸು. ಅಕ್ಕೋರಿಗೆ ಅಲ್ಲಿಂದ ಮನೆಯ ಅಡುಗೆ ಶುರು.

ಐದು ಪ್ರಶ್ನೆಯ ಚೀಟಿ

ಹತ್ತನೇ ದಿನ, ಮನಸ್ಸಿನ ಸ್ವಾಸ್ಥ್ಯ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ‘ಡಬ್ಲ್ಯುಎಚ್‌ಒ-5’ ಚೀಟಿ ಕೊಡಿ. ಕಳೆದ ಎರಡು ವಾರಗಳಲ್ಲಿ (1) ಮನಸ್ಸು ಉಲ್ಲಾಸವಾಗಿತ್ತೇ, (2) ಸಮಾಧಾನವಾಗಿ, ಆರಾಮಾಗಿ ಇದ್ದಿರಾ, (3) ಮೈಯಲ್ಲಿ ಚುರುಕು, ಕಸುವು ಇತ್ತೇ, (4) ಎದ್ದಾಗ ದಣಿವಾರಿದಂತೆ ಅನ್ನಿಸಿತೇ, (5) ದಿನನಿತ್ಯದಲ್ಲಿ ಆಸಕ್ತಿ ಹುಟ್ಟಿಸುವ ಸಂಗತಿಗಳಿದ್ದವೇ. ಪ್ರತಿಯೊಂದಕ್ಕೂ ‘ಸದಾ’ ಎಂದರೆ 5, ‘ಬಹುಪಾಲು’ 4, ‘ಅರ್ಧಕ್ಕಿಂತ ಹೆಚ್ಚು’ 3, ‘ಅರ್ಧಕ್ಕಿಂತ ಕಡಿಮೆ’ 2, ‘ಆಗೀಗ’ 1, ‘ಎಂದೂ ಇಲ್ಲ’ 0. ಒಟ್ಟು 25, 4ರಿಂದ ಗುಣಿಸಿದರೆ 100ಕ್ಕೆ ಲೆಕ್ಕ. 25ರಲ್ಲಿ 13ಕ್ಕಿಂತ ಕಡಿಮೆ ಬಂದರೆ ಮನಸ್ಸಿನ ಸ್ವಾಸ್ಥ್ಯ ಕುಂದಿದೆ ಎಂದರ್ಥ. 7 ಅಥವಾ ಅದಕ್ಕಿಂತ ಕೆಳಗೆ ಬಂದರೆ ವೈದ್ಯರ ಬಳಿ ಹೋಗುವುದು ಒಳ್ಳೆಯದು. ಇದು ರೋಗ ನಿರ್ಣಯವಲ್ಲ. ಜ್ವರ ನೋಡುವ ಥರ್ಮಾಮೀಟರಿನಷ್ಟೇ ಇದರ ಕೆಲಸ.

ಚೀಟಿಯ ಹಿಂಬದಿ ನಾಲ್ಕು ‘ಹೌದು-ಇಲ್ಲ’ ಪ್ರಶ್ನೆ ಸೇರಿಸಿ: ಈ ತಿಂಗಳು ಯಾರಾದರೂ ನಿಮ್ಮನ್ನು ಮಕ್ಕಳ ಎದುರು ಬೈದರೇ? ರಾತ್ರಿ 8ರ ನಂತರ ಶಾಲೆಯ ಸಂದೇಶಕ್ಕೆ ಉತ್ತರಿಸಬೇಕಾಯಿತೇ? ಪಾಲಕರ ದೂರು ಬಂದಾಗ ಹೆಡ್‌ಮಾಸ್ತರು ಜೊತೆಗೆ ನಿಂತರೇ? ರಜೆ ಕೇಳಲು ಅಂಜಿದಿರಾ?

ಹೆಸರು ಬಯಲಾಗುವ ಭಯ ಇದ್ದರೆ ಇಡೀ ಕೆಲಸ ಹಾಳು. ನಾಲ್ಕು ಜನರ ಶಾಲೆಯಲ್ಲಿ ಅಕ್ಷರ ನೋಡಿದರೇ ಯಾರೆಂದು ಗೊತ್ತಾಗುತ್ತದೆ. ಆದ್ದರಿಂದ ಬರವಣಿಗೆ ಬೇಡ, ಬರೀ ಗುರುತು. ಎಲ್ಲರಿಗೂ ಒಂದೇ ಬಣ್ಣದ ಪೆನ್ನು. ವಯಸ್ಸು, ವಿಷಯ, ಗಂಡು-ಹೆಣ್ಣು ಯಾವುದನ್ನೂ ಕೇಳಬಾರದು. ಹತ್ತಕ್ಕಿಂತ ಕಡಿಮೆ ಸಿಬ್ಬಂದಿ ಇದ್ದರೆ ಕ್ಲಸ್ಟರಿನ ಮೂರು-ನಾಲ್ಕು ಶಾಲೆ ಸೇರಿ ಒಂದೇ ಡಬ್ಬಿ ಇಡಿ, ಇನ್ನೊಂದು ಶಾಲೆಯವರು ಎಣಿಸಲಿ. ಐದಕ್ಕಿಂತ ಕಡಿಮೆ ಚೀಟಿಗಳ ಸರಾಸರಿಯನ್ನು ಎಲ್ಲೂ ಬರೆಯಬೇಡಿ. ಎಣಿಸಿದ ಮೇಲೆ ಚೀಟಿ ಸುಟ್ಟುಬಿಡಿ. ಈ ಅಂಕಿಯನ್ನು ಮೇಲಿನ ಕಚೇರಿಗೆ ಕಳಿಸುವ ಆಸೆ ಬಂದರೆ ತಡೆದುಕೊಳ್ಳಿ. ಒಮ್ಮೆ ಮೇಲೆ ಹೋಯಿತೆಂದರೆ ಮುಂದಿನ ಸಲ ಎಲ್ಲರೂ 25ಕ್ಕೆ 25 ಹಾಕುತ್ತಾರೆ.

ಓದುವುದು ಹೀಗೆ. ತಾಸು ಹೆಚ್ಚು, ಅಂಕ ಕಡಿಮೆ ಇದ್ದರೆ ಕೆಲಸ ಕತ್ತರಿಸಬೇಕು. ತಾಸು ಸರಿಯಾಗಿದ್ದೂ ಅಂಕ ಕಡಿಮೆ ಇದ್ದರೆ ಹಿಂಬದಿಯ ನಾಲ್ಕು ಪ್ರಶ್ನೆ ನೋಡಿ, ತೊಂದರೆ ಆಸರೆಯದ್ದು. ಎಲ್ಲರ ಅಂಕ ಚೆನ್ನಾಗಿದ್ದು ಒಂದೆರಡು ಚೀಟಿ ಮಾತ್ರ ಪಾತಾಳದಲ್ಲಿದ್ದರೆ ‘ಯಾರದು?’ ಎಂದು ಹುಡುಕಬೇಡಿ, ಸಹಾಯದ ದಾರಿಯನ್ನು ಎಲ್ಲರಿಗೂ ಹೇಳಿ.

ಮೊದಲು ಕೈಹಾಕಬೇಕಾದದ್ದು: ಸಂದೇಶ

ಅತಿ ಬೇಗ ಫಲ ಕೊಡುವುದು ಇದೇ. ಶಾಲೆಯ ಗ್ರೂಪನ್ನು ಎರಡು ಮಾಡಿ. ಒಂದರಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು, ಆದೇಶ ಅಲ್ಲಿ. ಹಬ್ಬದ ಶುಭಾಶಯ, ಹುಟ್ಟುಹಬ್ಬ, ಸುಪ್ರಭಾತ ಇನ್ನೊಂದರಲ್ಲಿ. ಆದೇಶದ ಗ್ರೂಪಿಗೆ ದಿನಕ್ಕೆ ಎರಡೇ ಹೊತ್ತು: ಪ್ರಾರ್ಥನೆಗೆ ಮೊದಲು, ಶಾಲೆ ಬಿಡುವ ಅರ್ಧ ತಾಸು ಮೊದಲು. ಪ್ರತಿ ಸಂದೇಶದ ಮೊದಲ ಸಾಲಿನಲ್ಲಿ ಮೂರು ಸಂಗತಿ ಇರಲಿ: ಯಾರು, ಏನು, ಯಾವಾಗ. ‘ಎಲ್ಲ ಶಿಕ್ಷಕರ ಗಮನಕ್ಕೆ, ಅತೀ ಜರೂರು’ ಎಂದು ಬಂದದ್ದರಲ್ಲಿ ನಿಜವಾಗಿ ಎಲ್ಲರಿಗೂ ಸಂಬಂಧಿಸಿದ್ದು ಕಡಿಮೆಯೇ. ಮೇಲಿನಿಂದ ರಾತ್ರಿ 9ಕ್ಕೆ ಬಂದದ್ದನ್ನು ಮುಖ್ಯ ಗುರುಗಳು ತಮ್ಮಲ್ಲೇ ತಡೆದು ಬೆಳಿಗ್ಗೆ ಹಾಕಲಿ. ನಿಜವಾದ ತುರ್ತಿದ್ದರೆ ಫೋನ್ ಮಾಡಿದರಾಯಿತು. ಇದು ಹಳಿ ತಪ್ಪುವುದು ಹೆಡ್‌ಮಾಸ್ತರೇ ಮೂರನೇ ದಿನ ‘ಇದೊಂದು ಮಾತ್ರ’ ಎಂದು ನಿಯಮ ಮುರಿದಾಗ.

ದಾಖಲೆ. ಶಾಲೆಯಲ್ಲಿ ಒಂದೇ ಮಾಹಿತಿಯನ್ನು ಎಷ್ಟು ಕಡೆ ಬರೆಯುತ್ತಿದ್ದೀರಿ ಎಂದು ಮೊದಲು ಪಟ್ಟಿ ಮಾಡಿ. ಹಾಜರಿ ಪುಸ್ತಕ, ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ), ಅಕ್ಷರ ದಾಸೋಹದ (ಬಿಸಿಯೂಟದ) ಲೆಕ್ಕ, ಹಾಲು-ಮೊಟ್ಟೆಯ ರಿಜಿಸ್ಟರ್: ಎಲ್ಲಕ್ಕೂ ಮೂಲ ಒಂದೇ, ಬೆಳಗಿನ ಹಾಜರಿ. ತರಗತಿ ಶಿಕ್ಷಕರು ಒಂದು ಚೀಟಿಯಲ್ಲಿ ಸಂಖ್ಯೆ ಬರೆದು ಕಳಿಸಲಿ, ಉಳಿದದ್ದನ್ನು ಆ ವಾರದ ಪಾಳಿಯವರೊಬ್ಬರೇ ತುಂಬಲಿ. ಅವರಿಗೆ ಆ ವಾರ ದಿನಕ್ಕೊಂದು ಅವಧಿ ಬಿಡುವು. ಮೊಟ್ಟೆ ಈಗ ವಾರಕ್ಕೆ ಆರು ದಿನ. ತರುವುದು, ಎಣಿಸುವುದು, ಲೆಕ್ಕ ಬರೆಯುವುದು ಸದಾ ಒಬ್ಬರ ಮೇಲೆಯೇ ಬಿದ್ದಿದ್ದರೆ ಅದನ್ನೂ ಪಾಳಿಗೆ ಹಾಕಿ. ಕಂಪ್ಯೂಟರ್ ಬಲ್ಲ ಕಿರಿಯ ಶಿಕ್ಷಕರೇ ಎಲ್ಲ ಆನ್‌ಲೈನ್ ಕೆಲಸಕ್ಕೆ ಗುತ್ತಿಗೆಯಾಗುವುದು ನಮ್ಮ ಶಾಲೆಗಳ ಹಳೆಯ ಚಟ. ‘ನಿಮಗ ಬರ್ತೈತಿ, ಮಾಡಿಬಿಡ್ರಿ’ ಎಂಬ ಹೊಗಳಿಕೆಗೆ ಅವರು ಸಂಜೆಗಳನ್ನು ತೆರುತ್ತಾರೆ.

ಬೋಧಕೇತರ ಕೆಲಸದ ಬಗ್ಗೆ ಕಾನೂನು ಗೊತ್ತಿರಲಿ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಉಳಿದ ಶೈಕ್ಷಣಿಕವಲ್ಲದ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಮತದಾರರ ಪಟ್ಟಿಯಂಥ ಕೆಲಸಗಳನ್ನು ರಜಾ ದಿನ ಮತ್ತು ಬೋಧನೆಯಿಲ್ಲದ ವೇಳೆಯಲ್ಲಿ ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲಿ ಹೇಳಿದೆ. ಮಕ್ಕಳ ಪಾಠ ಉಳಿಯಿತು, ಸರಿ. ಆದರೆ ಆ ಭಾರ ಶಿಕ್ಷಕರ ಭಾನುವಾರದ ಮೇಲೆ ಬಿತ್ತು. ಬಿಎಲ್‌ಒ (ಮತದಾರರ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಮಟ್ಟದ ಅಧಿಕಾರಿ) ಆದವರಿಗೆ ಆ ತಿಂಗಳ ಹೆಚ್ಚುವರಿ ಅವಧಿ, ಪಾಳಿ ಕೆಲಸ ಕೊಡದಿರುವುದು ಹೆಡ್‌ಮಾಸ್ತರ ಕೈಯಲ್ಲೇ ಇದೆ.

ದೂರು ಬಂದಾಗ

ನಮ್ಮ ಕಡೆ ದೂರು ಅರ್ಜಿಯಾಗಿ ಬರುವುದು ಅಪರೂಪ. ಪಂಚಾಯಿತಿ ಕಟ್ಟೆಯಲ್ಲಿ ಹುಟ್ಟಿ, ಊರ ಗ್ರೂಪಿನಲ್ಲಿ ಬೆಳೆದು, ಎರಡು ದಿನದ ಮೇಲೆ ಏಳೆಂಟು ಜನರ ಗುಂಪಾಗಿ ಗೇಟಿಗೆ ಬರುತ್ತದೆ. ಹೆಡ್‌ಮಾಸ್ತರು ಅಂಜಿ ಶಿಕ್ಷಕರನ್ನು ಅಲ್ಲೇ ಕರೆಸಿ ‘ಹೇಳ್ರಿ, ಏನಾತು?’ ಎಂದರೆ ಅದೇ ದೊಡ್ಡ ಪೆಟ್ಟು. ಮಕ್ಕಳ ಎದುರು ತಲೆ ತಗ್ಗಿಸಿದ ಶಿಕ್ಷಕರು ಮತ್ತೆ ಆ ತರಗತಿಗೆ ಮೊದಲಿನ ಮನಸ್ಸಿನಿಂದ ಹೋಗಲಾರರು.

ನಿಯಮ ಇಷ್ಟಿರಲಿ, ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಮಾಡಿ ಗೋಡೆಗೆ ಹಚ್ಚಿ: ದೂರು ಕೇಳುವುದು ಮುಖ್ಯ ಗುರುಗಳ ಕೋಣೆಯಲ್ಲಿ, ಮಗುವಿನ ಪಾಲಕರಿಬ್ಬರು ಮಾತ್ರ, ಜೊತೆಗೆ ಒಬ್ಬ ಎಸ್‌ಡಿಎಂಸಿ ಸದಸ್ಯರು. ಮೊದಲ ದಿನ ಕೇಳಿ ಬರೆದುಕೊಳ್ಳುವುದಷ್ಟೇ. ಶಿಕ್ಷಕರ ಮಾತನ್ನು ಬೇರೆಯಾಗಿ ಕೇಳುವುದು. ಮೂರು ಕೆಲಸದ ದಿನದೊಳಗೆ ಉತ್ತರ. ಮಗುವಿಗೆ ಪೆಟ್ಟು, ಲೈಂಗಿಕ ಕಿರುಕುಳ, ಜಾತಿ ನಿಂದನೆಯ ದೂರಿಗೆ ಈ ಮೂರು ದಿನ ಅನ್ವಯಿಸುವುದಿಲ್ಲ. ಅವು ಕೂಡಲೇ ಕಾನೂನಿನ ದಾರಿ ಹಿಡಿಯಬೇಕು. ಶಿಕ್ಷಕರ ಬೆನ್ನಿಗೆ ನಿಲ್ಲುವುದೆಂದರೆ ಮುಚ್ಚಿಹಾಕುವುದಲ್ಲ.

ಶಿಸ್ತು ಇದಕ್ಕೆ ಅಂಟಿಕೊಂಡ ಸಮಸ್ಯೆ. ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ, ಸರಿಯಾಗಿಯೇ. ಆದರೆ ಬೆತ್ತ ಕಸಿದುಕೊಂಡವರು ಬದಲಿಗೆ ಏನು ಮಾಡಬೇಕೆಂದು ಕಲಿಸಿದ್ದು ಕಡಿಮೆ. ಹಾಗಾಗಿ ಉಳಿದದ್ದು ಗಂಟಲು. ದಿನವಿಡೀ ಕೂಗಿ ಗಂಟಲು ಕಟ್ಟುತ್ತದೆ, ಸಂಜೆಗೆ ಮನೆಯಲ್ಲೂ ಮಾತು ಬೇಡವಾಗುತ್ತದೆ. ಇಡೀ ಶಾಲೆಗೆ ಒಂದೇ ಸದ್ದಡಗಿಸುವ ಗುರುತು ಇರಲಿ. ಮೂರು ಚಪ್ಪಾಳೆಯಾದರೂ ಆದೀತು. ಎಲ್ಲ ಶಿಕ್ಷಕರೂ ಅದನ್ನೇ ಬಳಸಿದರೆ ಎರಡು-ಮೂರು ವಾರದಲ್ಲಿ ಮಕ್ಕಳಿಗೆ ರೂಢಿಯಾಗುತ್ತದೆ. ಒಬ್ಬೊಬ್ಬರದೂ ಬೇರೆ ಗುರುತಾದರೆ ಯಾವುದೂ ನಡೆಯುವುದಿಲ್ಲ. ಮೈಮೇಲೆ ಏರಿ ಬರುವ ಮಗುವನ್ನು ಹತ್ತು ನಿಮಿಷ ಕೂರಿಸಿಕೊಳ್ಳಲು ಪಕ್ಕದ ತರಗತಿಯವರು ಒಪ್ಪಿರಬೇಕು, ಕಾರಣ ಕೇಳದೆ.

ಫಲಿತಾಂಶದ ಹೊಣೆ

ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ. 83.89 ಇದ್ದದ್ದು, ಪರೀಕ್ಷಾ ಕೋಣೆಗಳ ಮೇಲೆ ಕ್ಯಾಮೆರಾ ನಿಗಾ (ವೆಬ್‌ಕಾಸ್ಟಿಂಗ್) ಬಂದ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಅಂಥ ಕುಸಿತಕ್ಕೆ ಕಾರಣ ಹಲವು, ಆದರೆ ಪ್ರಶ್ನೆ ಮೆಟ್ಟಿಲಿಳಿದು ಕೊನೆಗೆ ನಿಲ್ಲುವುದು ಗಣಿತ, ಇಂಗ್ಲಿಷ್ ಶಿಕ್ಷಕರ ಮೇಜಿನ ಮುಂದೆ. ಹೊಣೆ ಹೆಚ್ಚು, ಹಿಡಿತ ಕಡಿಮೆ ಇರುವ ಕೆಲಸವೇ ಅತಿ ಹೆಚ್ಚು ಒತ್ತಡ ತರುತ್ತದೆ ಎಂದು ಕೆಲಸದ ಒತ್ತಡದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ವಾದಿಸಿದ್ದರು. ಬ್ಯಾಡಗಿ ಸುತ್ತಲಿನ ಊರಲ್ಲಿ ಮೆಣಸಿನಕಾಯಿ ಹಂಗಾಮಿಗೆ ಹುಡುಗಿ ಕೂಲಿಗೆ ಹೋದರೆ, ರೋಣ ತಾಲೂಕಿನ ಹುಡುಗ ಅಪ್ಪ-ಅವ್ವನ ಜೊತೆ ಗೋವಾಕ್ಕೆ ದುಡಿಯಲು ಹೋದರೆ ಬೀಜಗಣಿತದ ಮಾಸ್ತರ ಹಿಡಿತ ಎಷ್ಟು?

ಪರಿಶೀಲನಾ ಸಭೆಯಲ್ಲಿ ಪ್ರತಿ ವಿಷಯಕ್ಕೂ ಎರಡು ಸಂಖ್ಯೆ ಇಡಿ: ಒಟ್ಟು ಫಲಿತಾಂಶ, ಮತ್ತು ಶೇ. 75ಕ್ಕಿಂತ ಹೆಚ್ಚು ಹಾಜರಾತಿ ಇದ್ದ ಮಕ್ಕಳ ಫಲಿತಾಂಶ. ಎರಡನೆಯದು ಶಿಕ್ಷಕರದ್ದು. ಎರಡರ ನಡುವಿನ ಅಂತರ ಇಡೀ ಶಾಲೆ ಮತ್ತು ಊರಿನದ್ದು, ಅದನ್ನು ಎಸ್‌ಡಿಎಂಸಿ ಮುಂದಿಡಿ. ತರಗತಿ ನೋಡಲು ಬಂದ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅಥವಾ ಮುಖ್ಯ ಗುರುಗಳು ಹೊರಡುವ ಮುನ್ನ ಒಂದು ಚಲೋ ಸಂಗತಿ, ಒಂದು ಬದಲಿಸಬೇಕಾದ ಸಂಗತಿಯನ್ನು ಖಾಸಗಿಯಾಗಿ ಹೇಳಲಿ. ಹತ್ತು ಕೊರತೆಗಳ ಪಟ್ಟಿಯಿಂದ ಯಾರೂ ಸುಧಾರಿಸಿಲ್ಲ.

ಖಾಸಗಿ ಶಾಲೆಗಳಿಗೆ ಒಂದು ಮಾತು. ಹುಬ್ಬಳ್ಳಿ-ಧಾರವಾಡದಲ್ಲಿ ಏಪ್ರಿಲ್-ಮೇ ಬಿಸಿಲಿನಲ್ಲಿ ಮನೆಮನೆಗೆ ಕಳಿಸಿ ದಾಖಲಾತಿ ಕೇಳಿಸುವುದು, ಶುಲ್ಕ ವಸೂಲಿಗೆ ತರಗತಿ ಶಿಕ್ಷಕರಿಂದ ಫೋನ್ ಮಾಡಿಸುವುದು ನಿಲ್ಲಬೇಕು. ಬೆಳಿಗ್ಗೆ ಹಣ ಕೇಳಿದ ಬಾಯಿಂದ ಮಧ್ಯಾಹ್ನ ಪಾಠ ಹೇಳಿದರೆ ಪಾಲಕರ ಕಣ್ಣಲ್ಲಿ ಗೌರವ ಉಳಿಯುವುದಿಲ್ಲ. ವಸೂಲಿ ಕಚೇರಿಯ ಕೆಲಸ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳ ದೂರಿಗೆ ಆಂತರಿಕ ಸಮಿತಿ ಕಡ್ಡಾಯ. ಸದಸ್ಯರ ಹೆಸರು, ಫೋನ್ ಸಂಖ್ಯೆ ಸ್ಟಾಫ್‌ರೂಮಿನಲ್ಲಿ ಕಾಣುವಂತಿರಲಿ.

ಒಬ್ಬರು ಕುಸಿಯುತ್ತಿದ್ದರೆ

ಎರಡು ವಾರಕ್ಕೂ ಹೆಚ್ಚು ನಿದ್ದೆ ಕೆಟ್ಟಿದೆ, ಊಟ ಬಿಟ್ಟಿದ್ದಾರೆ, ಕಾರಣವಿಲ್ಲದೆ ಕಣ್ಣು ತುಂಬುತ್ತದೆ, ‘ಇದ್ದು ಏನ್ ಮಾಡೂದೈತಿ’ ಎಂಬ ಮಾತು ಬಂದಿದೆ ಎಂದರೆ ರಿಜಿಸ್ಟರ್ ಸುಧಾರಣೆಗೆ ಕಾಯಬಾರದು. ಕೊನೆಯ ಮಾತು ಕಿವಿಗೆ ಬಿದ್ದರೆ ಅವರನ್ನು ಒಂಟಿಯಾಗಿ ಮನೆಗೆ ಕಳಿಸಬೇಡಿ. ‘ಸಾಯುವ ಯೋಚನೆ ಬರುತ್ತದೆಯೇ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಧಾರವಾಡದ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ), ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ), ಗದಗ ಮತ್ತು ಹಾವೇರಿಯ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ.

ಇಲ್ಲೊಂದು ನಮ್ಮದೇ ಅಡ್ಡಿ ಇದೆ. ‘ಧಾರವಾಡಕ್ಕ ಕಳಸಬೇಕು ನಿನ್ನ’ ಎಂಬುದು ಈ ಭಾಗದಲ್ಲಿ ತಲೆಮಾರುಗಳ ಹಾಸ್ಯ. ಅದೇ ಹಾಸ್ಯದ ಭಯಕ್ಕೆ ಎಷ್ಟೋ ಜನ ಡಿಮ್ಹಾನ್ಸ್ ಗೇಟು ದಾಟುವುದಿಲ್ಲ. ಸ್ಟಾಫ್‌ರೂಮಿನಲ್ಲಿ ಆ ಮಾತು ಆಡದಂತೆ ನೋಡಿಕೊಳ್ಳುವುದೂ ಮುಖ್ಯ ಗುರುಗಳ ಕೆಲಸ. ಹೋಗಲು ಹಿಂಜರಿದರೆ ಮೊದಲು ಪರಿಚಯದ ವೈದ್ಯರಲ್ಲಿಗೆ ‘ನಿದ್ದೆಗಾಗಿ’ ಎಂದು ಹೋಗಲಿ, ಅಲ್ಲಿಂದ ಚೀಟಿ ಬರೆಸಿಕೊಳ್ಳಲಿ. ಚಿಕಿತ್ಸೆಯ ವಿವರ ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ರಜೆ ಅರ್ಜಿ ನೋಡಿದ ಮುಖ್ಯ ಗುರುಗಳು ಅದನ್ನು ಚಹಾದ ಜೊತೆ ಹಂಚುವಂತಿಲ್ಲ. ಮರಳಿ ಬಂದ ಮೊದಲ ವಾರ ಅವರಿಗೆ ಬದಲಿ ಅವಧಿ ಕೊಡಬೇಡಿ, ‘ಈಗ ಆರಾಮ ಆತೇನ್ರಿ?’ ಎಂದು ಎಲ್ಲರೂ ಸಾಲುಗಟ್ಟಿ ಕೇಳಲೂ ಬೇಡಿ.

ಮೂರು ತಿಂಗಳ ಮೇಲೆ ಅದೇ ಹಾಳೆ, ಅದೇ ಚೀಟಿ ಮತ್ತೆ. ಒಮ್ಮೆಗೆ ಎರಡೇ ಬದಲಾವಣೆ ಮಾಡಿ, ಇಲ್ಲವಾದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ. ಸಂದೇಶದ ಹೊತ್ತು, ದೂರಿನ ನಿಯಮ, ಪಾಳಿಪಟ್ಟಿ ಮೂರನ್ನೂ ಶಿಕ್ಷಕರ ಹಾಜರಿ ಪುಸ್ತಕದ ಒಳರಟ್ಟಿಗೆ ಅಂಟಿಸಿಡಿ. ವರ್ಗಾವಣೆಯಾಗಿ ಬರುವ ಹೊಸ ಹೆಡ್‌ಮಾಸ್ತರು ಮೊದಲ ದಿನ ಸಹಿ ಮಾಡಲು ತೆರೆಯುವುದು ಅದನ್ನೇ.